ಮನೆಯಿಂದ ಹೊರಡದ ಪತ್ರ

“ಗುರುಗಳೇ, ಊರೂರಿನ ಜನ ಕಿವಿಗೊಟ್ಟು ಕೇಳುವ ನನ್ನ ಮಾತು ನನ್ನ ಮನೆಯೊಳಗೆ ಮಾತ್ರ ಏಕೆ ತಲುಪುವುದಿಲ್ಲ?”

ಕೇಳಿದವನು ಅಡಿವೆಪ್ಪ. ಇಪ್ಪತ್ತು ವರ್ಷಗಳ ಹಿಂದೆ ಗುರುಗಳಲ್ಲಿ ಪಾಠ ಹೇಳಿಸಿಕೊಂಡು, ಈಗ ತಾನೇ ಊರೂರಿಗೆ ಹೋಗಿ ಪ್ರವಚನ ಮಾಡುವವನು. ಅವನ ಮಗಳು ಶಾಂಭವಿ ಇನ್ನು ಎಂಟು ದಿನಗಳಲ್ಲಿ ಕೃಷಿ ಕಾಲೇಜು ಸೇರಲು ರಾಯಚೂರಿಗೆ ಹೊರಡುವವಳಿದ್ದಳು. ಮೂರು ತಿಂಗಳಿಂದ ಅವಳು ತಂದೆಯ ಯಾವ ಮಾತಿಗೂ ಉತ್ತರ ಕೊಟ್ಟಿರಲಿಲ್ಲ.

“ಊಟಕ್ಕೆ ಕುಳಿತಾಗ ಹೇಳುತ್ತೇನೆ. ಪುಸ್ತಕ ಹಿಡಿದಾಗ ಹೇಳುತ್ತೇನೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗಲೂ ಹೇಳುತ್ತೇನೆ. ಅವಳು ಎದ್ದು ಹೋಗುತ್ತಾಳೆ. ಹೀಗೆಯೇ ಊರು ಬಿಟ್ಟು ಹೋದರೆ ಮಗಳು ನನ್ನ ಪಾಲಿಗೆ ಉಳಿಯುವುದಿಲ್ಲ. ಸಾವಿರ ಜನರ ಸಭೆಯಲ್ಲಿ ಸಲ್ಲುವ ಮಾತು ಮನೆಯಲ್ಲಿ ಸಲ್ಲದೆಂದರೆ, ದೋಷ ಆ ಮನೆಯದೇ ಅಲ್ಲವೇ?”

“ಇರಬಹುದು,” ಎಂದರು ಗುರುಗಳು. “ಒಬ್ಬ ಜಮಖಾನೆ ವ್ಯಾಪಾರಿಗೂ ಹಾಗೆಯೇ ಅನ್ನಿಸಿತ್ತು.” ಆಮೇಲೆ ಈ ಕತೆಯನ್ನು ಹೇಳಿದರು.

ಒಬ್ಬ ವ್ಯಾಪಾರಿ. ಅವನ ಮನೆಯ ಹಿಂಭಾಗದಲ್ಲಿ ಮಗ್ಗಗಳು, ಮುಂದಿನ ಕೋಣೆಯಲ್ಲಿ ಕಂಪ್ಯೂಟರ್. ಜಮಖಾನೆಯ ಚಿತ್ರಗಳನ್ನು ಅವನು ಇ-ಮೇಲಿನಲ್ಲಿ ಕಳುಹಿಸುತ್ತಿದ್ದ. ದೂರದ ಊರುಗಳವರು ನೋಡಿ ಬೇಕಾದದ್ದನ್ನು ಕೇಳುತ್ತಿದ್ದರು. ಒಂದು ದಿನ ಅವನ ಪತ್ರಗಳು ಹೋಗುವುದು ನಿಂತಿತು. ಹೊರಗಿನಿಂದ ಬರುವ ಪತ್ರಗಳು ಮೊದಲಿನಂತೆಯೇ ಬರುತ್ತಿದ್ದವು. ಅವನು ಕಳುಹಿಸಿದ್ದು ಮಾತ್ರ ಕ್ಷಣದಲ್ಲಿ ಮರಳಿ ಬರುತ್ತಿತ್ತು.

ವ್ಯಾಪಾರಿ ವೈಫೈ ರೌಟರನ್ನು ಆರಿಸಿ ಹಚ್ಚಿದ. ಪತ್ರ ಹೋಗಲಿಲ್ಲ. ಅದನ್ನು ಕಿಟಕಿಯ ಬಳಿಯಿಂದ ತೆಗೆದು ಬಾಗಿಲ ಮೇಲೆ ಮೊಳೆ ಹೊಡೆದು ತೂಗುಹಾಕಿದ. ಹೋಗಲಿಲ್ಲ. ನೇಕಾರ ಹೆಣ್ಣುಮಕ್ಕಳ ಮೊಬೈಲುಗಳಿಂದಲೇ ಈ ತೊಂದರೆಯೆಂದು ವೈಫೈ ಗುಪ್ತಪದವನ್ನು ಬದಲಿಸಿ, ಯಾರಿಗೂ ಹೇಳದೆ ಇಟ್ಟುಕೊಂಡ. ಆಗಲೂ ಹೋಗಲಿಲ್ಲ. ಹೊಸ ರೌಟರನ್ನೇ ತಂದು, ಬೇರೊಂದು ಗೋಡೆಗೆ ಮತ್ತೆರಡು ಮೊಳೆ ಹೊಡೆದ.

ಅವನ ಹೆಂಡತಿ ಕೆಳಗೆ ಬಿದ್ದ ಗಾರೆಯನ್ನು ಗುಡಿಸುತ್ತ ಹೇಳಿದಳು: “ಪತ್ರವಂತೂ ಹೋಗಲಿಲ್ಲ. ಗೋಡೆಯ ಸುಣ್ಣವಾದರೂ ಹೋಯಿತಲ್ಲ, ಬಿಡಿ.”

ವ್ಯಾಪಾರಿ ಸಿಟ್ಟಿನಿಂದ ಕಂಪ್ಯೂಟರನ್ನು ಎತ್ತಿಕೊಂಡು ನೆರೆಮನೆಯ ಜಗುಲಿಗೆ ಹೋದ. ಅವರ ವೈಫೈ ಹಿಡಿದು ಅದೇ ಪತ್ರವನ್ನು ಕಳುಹಿಸಿದ. ಹೋಯಿತು. ರಸ್ತೆಯಲ್ಲಿ ನಿಂತು ಮೊಬೈಲಿನಿಂದ ಇನ್ನೊಂದನ್ನು ಕಳುಹಿಸಿದ. ಅದೂ ಹೋಯಿತು. ಒಳಗೆ ಬಂದು ಕಳುಹಿಸಿದ, ಮರಳಿ ಬಂತು. ತನ್ನಲ್ಲಿ ದೋಷವಿಲ್ಲ, ಮನೆಯಲ್ಲೇ ಇದೆ ಎಂದು ಅವನಿಗೆ ಖಚಿತವಾಯಿತು. ಆದರೆ ಮಗ್ಗಗಳಿರುವುದು ಮನೆಯಲ್ಲಿ. ಕೇಳಿದವರಿಗೆಲ್ಲ ನೆರೆಯವರ ಜಗುಲಿಯಲ್ಲಿ ಕುಳಿತು ಎಷ್ಟು ದಿನ ಉತ್ತರ ಬರೆಯಲಾದೀತು? ತಿಂಗಳೊಳಗೆ ಎರಡು ಮಗ್ಗಗಳು ನಿಂತವು. ಆಗ ಅವನು ದುರಸ್ತಿ ಮಾಡುವವರನ್ನು ಕರೆಸಿದ.

ಬಂದವಳು ಒಬ್ಬ ಹೆಣ್ಣುಮಗಳು. ಅವಳು ರೌಟರನ್ನು ಮುಟ್ಟಲಿಲ್ಲ. “ಮರಳಿ ಬಂದ ಪತ್ರ ತೋರಿಸಿ,” ಎಂದಳು.

“ಅವನ್ನೆಲ್ಲ ಅಳಿಸಿಬಿಟ್ಟೆ ತಂಗಿ. ನಾನು ಬರೆದದ್ದೇ ಅಲ್ಲವೇ ಮರಳಿ ಬಂದದ್ದು? ಅದರಲ್ಲಿ ಓದುವುದೇನಿದೆ?”

ಅವಳು ಅವನಿಗೆ ಒಂದು ಪತ್ರ ಕಳುಹಿಸಲು ಹೇಳಿದಳು. ಅದು ಮರಳಿ ಬಂತು. ಅದರ ತಲೆಯ ಮೇಲೆ ಸಣ್ಣ ಅಕ್ಷರಗಳಲ್ಲಿ, ಪತ್ರ ತೆಗೆದುಕೊಳ್ಳುವ ಕಡೆಯ ಇ-ಮೇಲ್ ಕಂಪನಿಯವರ ಎರಡು ಸಾಲುಗಳಿದ್ದವು. ಅವಳು ಓದಿ ಹೇಳಿದಳು: “ಈ ಮನೆಯ ಸಂಪರ್ಕದಿಂದ ಬೇಡದ ಪತ್ರಗಳು ಮಿತಿಮೀರಿ ಬಂದಿವೆ. ಇನ್ನು ಇಲ್ಲಿಂದ ಏನು ಬಂದರೂ ತೆಗೆದುಕೊಳ್ಳುವುದಿಲ್ಲ.”

ಅವಳು ಮನೆಯಲ್ಲಿದ್ದ ಯಂತ್ರಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡಿದಳು. ಮಗ್ಗದ ಕೋಣೆಯ ಮೂಲೆಯಲ್ಲಿ, ಬಟ್ಟೆ ಹೊದಿಸಿದ ಹಳೆಯ ಕಂಪ್ಯೂಟರೊಂದಿತ್ತು. ಹಚ್ಚಲು ಹೊತ್ತು ಹಿಡಿಯುತ್ತದೆಂದು ವ್ಯಾಪಾರಿ ಅದನ್ನು ಎಂದೂ ಆರಿಸುತ್ತಿರಲಿಲ್ಲ. ಹಿಂದೊಮ್ಮೆ ಅದಕ್ಕೆ ಎಲ್ಲಿಂದಲೋ ಪುಕ್ಕಟೆಯಾಗಿ ಜಮಖಾನೆಯ ನಮೂನೆಗಳನ್ನು ಇಳಿಸಿಕೊಂಡಿದ್ದ. ಅವುಗಳ ಜೊತೆಯಲ್ಲಿ ಕಳ್ಳ ತಂತ್ರಾಂಶವೊಂದು ಒಳಸೇರಿತ್ತು. ಅದು ಮೂರು ತಿಂಗಳಲ್ಲಿ ಯಾರು ಯಾರಿಗೋ ನಲವತ್ತು ಸಾವಿರ ಪತ್ರಗಳನ್ನು ಕಳುಹಿಸಿತ್ತು. ಅವುಗಳಲ್ಲಿ ಒಂದನ್ನೂ ಯಾರೂ ಕೇಳಿರಲಿಲ್ಲ.

“ನಾನು ಬರೆದದ್ದಲ್ಲ!” ಎಂದ ವ್ಯಾಪಾರಿ.

“ಬರೆದವರು ಯಾರೇ ಇರಲಿ ಸಾಹುಕಾರರೇ, ಹೊರಟದ್ದು ನಿಮ್ಮ ಬಾಗಿಲಿನಿಂದ.”

“ಹಾಗಾದರೆ ತೆಗೆದುಕೊಳ್ಳದವರಿಗೆ ಒಂದು ಪತ್ರ ಬರೆದು ಎಲ್ಲವನ್ನೂ ವಿವರಿಸುತ್ತೇನೆ. ನಾನು ಎಂಥವನೆಂದು ಅವರಿಗೆ ತಿಳಿಯಲಿ.”

ಅವಳಿಗೆ ನಗು ಬಂತು. “ಬರೆಯಿರಿ. ಯಾವ ಮನೆಯಿಂದ ಕಳುಹಿಸುತ್ತೀರಿ?”

ಅವಳು ಹಳೆಯ ಯಂತ್ರದ ತಂತಿಯನ್ನು ಕಿತ್ತಳು. “ಇನ್ನು ಏಳು ದಿನ ಈ ಮನೆಯಿಂದ ಒಂದು ಪತ್ರವೂ ಹೊರಡಬಾರದು. ಪರೀಕ್ಷೆಗೆಂದು ಕಳುಹಿಸಿದರೂ ಎಣಿಕೆ ಮತ್ತೆ ಮೊದಲಿನಿಂದ. ಏಳು ದಿನ ಸುಮ್ಮನಿದ್ದರೆ ಅವರು ತಾವಾಗಿಯೇ ಬಾಗಿಲು ತೆರೆಯುತ್ತಾರೆ. ಇದಕ್ಕಿಂತ ಬೇಗನೆ ಆಗುವ ಉಪಾಯ ನನಗೆ ಗೊತ್ತಿಲ್ಲ,” ಎಂದು ಹೇಳಿ ಹೋದಳು.

ಮೊದಲ ದಿನ ವ್ಯಾಪಾರಿಗೆ ಕೈ ಕಟ್ಟಿಹಾಕಿದಂತಾಯಿತು. ಎರಡನೆಯ ದಿನ ಬೇರೆ ಕೆಲಸ ಕಾಣದೆ ಬಂದ ಪತ್ರಗಳನ್ನು ತೆರೆದ. ಓದುತ್ತ ಹೋದ. ಐದನೆಯ ದಿನ ಒಂದು ಹಳೆಯ ಪತ್ರ ಸಿಕ್ಕಿತು. ಸಂಗೀತ ಶಾಲೆಯ ಶಿಕ್ಷಕಿಯೊಬ್ಬಳು ಬರೆದದ್ದು: “ನಿಮ್ಮ ಜಮಖಾನೆಯ ಕೆಂಪು ಬಣ್ಣ ನೀರು ಬಿದ್ದರೆ ಬಿಡುತ್ತದೆ. ಮಕ್ಕಳ ಬಟ್ಟೆಗೆಲ್ಲ ಹತ್ತುತ್ತಿದೆ.” ಅವಳು ಅದನ್ನೇ ಮತ್ತೆ ಎರಡು ಸಲ ಬರೆದಿದ್ದಳು. ಮೂರು ಸಲವೂ ವ್ಯಾಪಾರಿ ಅವಳಿಗೆ ಹೊಸ ನಮೂನೆಗಳ ಚಿತ್ರಗಳನ್ನು ಕಳುಹಿಸಿದ್ದ.

ಅವನು ಮಗ್ಗದ ಕೋಣೆಗೆ ಹೋಗಿ ಕೆಂಪು ನೂಲಿನ ಲಡಿಯೊಂದನ್ನು ನೀರಿಗೆ ಹಾಕಿದ. ನೀರು ಕೆಂಪಾಯಿತು.

ಎಂಟನೆಯ ಬೆಳಗ್ಗೆ ಅವನು ಒಂದೇ ಪತ್ರ ಬರೆದ. “ನೀವು ಹೇಳಿದ್ದು ನಿಜ. ನಾನು ಓದಿರಲಿಲ್ಲ.” ಅದು ಮನೆಯಿಂದಲೇ ಹೊರಟಿತು. ಮರಳಿ ಬರಲಿಲ್ಲ.

ಗುರುಗಳು ಕತೆಯನ್ನು ನಿಲ್ಲಿಸಿದರು. ಅಡಿವೆಪ್ಪ, “ಆದರೆ ಗುರುಗಳೇ, ಅವಳಿಗೆ ಹೇಳಬೇಕಾದದ್ದು ಇನ್ನೂ ಬಹಳ ಉಳಿದಿದೆ. ಅವಳು ಹೊರಡಲು ಇರುವುದು ಎಂಟೇ ದಿನ!” ಎಂದ.

“ವ್ಯಾಪಾರಿಗೆ ಏಳು ಸಾಕಾದವು,” ಎಂದರು ಗುರುಗಳು.