ಗಿನಿಗೆ ಕಟ್ಟಿದ ಗಿಣಿಮನೆ

“ಬುದ್ಧಿ, ಕೊಟ್ಟವನ ಪ್ರೀತಿ ಪಡೆದವರ ಕಣ್ಣಿಗೆ ಏಕೆ ಬೀಳುವುದಿಲ್ಲ?” ಎಂದು ಗುರುಪಾದ ಕೇಳಿದ.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. “ಯಾರಿಗೆ ಏನು ಕೊಟ್ಟೆ?” ಎಂದರು.

ಗುರುಪಾದ ಹೇಳಿದ. ಹೊಳೆ ಉಕ್ಕಿ ಮನೆ ಕಳೆದುಕೊಂಡ ಇಬ್ಬರು ಅಕ್ಕತಂಗಿಯರು ಮಠಕ್ಕೆ ಬಂದಿದ್ದರು. ಅವರಿಗೊಂದು ನೆಲೆ ಮಾಡಿಕೊಡುವ ಕೆಲಸ ಅವನ ಪಾಲಿಗೆ ಬಂದಿತ್ತು. ‘ನಮಗೊಂದು ಮೂಲೆ ಸಾಕಪ್ಪ’ ಎಂದು ಅವರು ಕೇಳಿದ್ದರು. ಪಾಪ, ಸಂಕೋಚದ ಮಾತು ಎಂದುಕೊಂಡು ಅವನು ಮಹಡಿಯ ಮೇಲೆ ರಸ್ತೆಗೆ ಮುಖ ಮಾಡಿದ ದೊಡ್ಡ ಕೋಣೆಯನ್ನೇ ಬಿಡಿಸಿ ಕೊಟ್ಟಿದ್ದ. ನಾಲ್ಕು ಕಿಟಕಿ, ಹೊಸ ಸುಣ್ಣ. ಅವರೋ ಕಿಟಕಿಗಳಿಗೆಲ್ಲ ಸೀರೆ ಕಟ್ಟಿ, ಬಾಗಿಲ ಹಿಂದಿನ ಸಂದಿಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಊಟಕ್ಕೂ ಸರಿಯಾಗಿ ಇಳಿದು ಬರುತ್ತಿರಲಿಲ್ಲ.

“ಅವರನ್ನು ಪಕ್ಕದೂರಿನ ಛತ್ರಕ್ಕೆ ಕಳಿಸಿಬಿಡುತ್ತೇನೆ, ಅಪ್ಪಣೆ ಕೊಡಿ. ಬೆಲೆ ತಿಳಿಯದವರಿಗೆ ಕೊಟ್ಟು ಏನು ಫಲ?” ಎಂದ ಗುರುಪಾದ. ಅವನಿಗೆ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು.

ಗುರುಗಳು ಹೊಸೆದ ಬತ್ತಿಯನ್ನು ತಟ್ಟೆಗೆ ಹಾಕಿ, “ಕಳಿಸುವೆಯಂತೆ. ಮೊದಲು ಒಂದು ಕತೆ ಕೇಳು” ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಬಡಗಿಯಿದ್ದ. ಅವನ ಉಳಿ ಮುಟ್ಟಿದರೆ ಮರ ಮಾತಾಡುತ್ತದೆ ಎಂದು ಜನ ಹೇಳುತ್ತಿದ್ದರು. ಜನ ಹೇಳಿದರೆ ಪರವಾಗಿಲ್ಲ, ಅವನೂ ಹಾಗೆಯೇ ನಂಬಿದ್ದ. ಮಾಡಿದ ಪ್ರತಿಯೊಂದು ವಸ್ತುವಿನ ಮೇಲೂ, ನೋಡಿದವರ ಕಣ್ಣಿಗೆ ಮೊದಲು ಬೀಳುವ ಕಡೆ, ಒಂದು ಮೊಗ್ಗಿನ ಗುರುತು ಕೆತ್ತುತ್ತಿದ್ದ. ಆ ಊರಿನ ಬಾಗಿಲು, ತೊಟ್ಟಿಲು, ಮಣೆ ಎಲ್ಲದರ ಮೇಲೂ ಅವನ ಮೊಗ್ಗು ಇತ್ತು.

ಅದೇ ಊರಿನಲ್ಲಿ ಒಬ್ಬ ವರ್ತಕ. ಅವನಿಗೆ ಒಬ್ಬಳೇ ಮಗಳು. ಪಟ್ಟಣಕ್ಕೆ ಹೋದಾಗ ಅವಳಿಗೆಂದು ಒಂದು ಜೊತೆ ಗಿನಿಪಿಗ್ ತಂದಿದ್ದ. ಇಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು, ಬಾಲವಿಲ್ಲ. ಹುಲ್ಲು ತಿಂದುಕೊಂಡಿರುವ ಸಾಧು ಪ್ರಾಣಿ. ಅವನ್ನು ಹಿತ್ತಿಲಲ್ಲಿ ಬುಟ್ಟಿ ಕವುಚಿ ಇಟ್ಟಿದ್ದರು. ಬೇಸಗೆಯ ಒಂದೇ ಮಧ್ಯಾಹ್ನಕ್ಕೆ ಎರಡೂ ಸತ್ತವು. ಮಗಳು ಎರಡು ದಿನ ಅನ್ನ ಮುಟ್ಟಲಿಲ್ಲ. ವರ್ತಕ ಇನ್ನೊಂದು ಜೊತೆ ತಂದುಕೊಟ್ಟ. ಹುಡುಗಿ ಅವನ್ನು ಮಡಿಲಿಗೆ ತೆಗೆದುಕೊಂಡು, “ಅಪ್ಪಾಜಿ, ಇವೂ ಹೋದ್ರೆ ನಾನು ಇನ್ನೇನೂ ಸಾಕಲ್ಲ” ಎಂದಳು. ವರ್ತಕ ತಡಮಾಡಲಿಲ್ಲ. ಮನೆಯೊಳಗೆ ಇಡುವಂಥ ಒಂದು ಒಳ್ಳೆಯ ಗೂಡು ಮಾಡಿಸಬೇಕೆಂದು ತನ್ನ ಆಳು ನಿಂಗಣ್ಣನನ್ನು ಬಡಗಿಯ ಬಳಿಗೆ ಕಳಿಸಿದ.

ನಿಂಗಣ್ಣನ ನಾಲಿಗೆ ಣಕಾರಕ್ಕೆ ಹೊರಳುತ್ತಿರಲಿಲ್ಲ. ಹಣ್ಣನ್ನು ಹನ್ನು ಎನ್ನುವನು, ಬೆಣ್ಣೆಯನ್ನು ಬೆನ್ನೆ ಎನ್ನುವನು, ತನ್ನ ಹೆಸರನ್ನೇ ನಿಂಗನ್ನ ಎನ್ನುವನು. ಪಟ್ಟಣದ ಆ ಹೊಸ ಹೆಸರು ದಾರಿಯಲ್ಲಿ ಅರ್ಧ ಮರೆತುಹೋಗಿ, ಬಾಯಲ್ಲಿ ಗಿನಿ ಮಾತ್ರ ಉಳಿದಿತ್ತು.

“ಆಚಾರ್ರೇ, ಗಿನಿ ಜೋಡಿಗೊಂದು ಮನೆ ಆಗ್ಬೇಕಂತೆ. ಒಳಗೆ ಇಡೋ ಅಂಥದ್ದು” ಎಂದ.

“ಗಿಣಿ ಅನ್ನೋ, ಗಿಣಿ” ಎಂದು ಬಡಗಿ ನಕ್ಕ.

“ಅದೇ, ಗಿನಿ” ಎಂದ ನಿಂಗಣ್ಣ.

ಜನ್ಮದಲ್ಲಿ ಒಮ್ಮೆ ಅವನು ಸರಿಯಾಗಿ ಹೇಳಿದ್ದ. ಅದನ್ನೂ ಬಡಗಿ ತಿದ್ದಿಬಿಟ್ಟ.

ಒಂದು ತಿಂಗಳು ಬಡಗಿ ಬೇರೆ ಕೆಲಸ ಮುಟ್ಟಲಿಲ್ಲ. ನಾಲ್ಕು ಕಾಲಿನ ಮೇಲೆ ಆಳೆತ್ತರ ನಿಂತ ಬೀಟೆಯ ಪಂಜರ ಮಾಡಿದ. ಮೂರು ಅಂತಸ್ತು. ಕೂರಲು ಕಡ್ಡಿ, ತೂಗಲು ಉಯ್ಯಾಲೆ, ಹಿಕ್ಕೆ ಕೆಳಗೆ ಉದುರಲೆಂದು ತಳಕ್ಕೆ ತಂತಿಯ ಬಲೆ. ಮೇಲೊಂದು ಗುಮ್ಮಟ, ಗುಮ್ಮಟದ ನೆತ್ತಿಯ ಮೇಲೆ ಮೊಗ್ಗು. ಸುಳ್ಳೇಕೆ ಹೇಳಲಿ, ಅಂಥ ಕೆಲಸ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ.

ಪಂಜರ ವರ್ತಕನ ಹಜಾರಕ್ಕೆ ಬಂತು. ನೆರೆಹೊರೆಯವರು ಬಾಯಿ ತೆರೆದು ನೋಡಿದರು. ಹುಡುಗಿ ಬುಟ್ಟಿಯ ಬಟ್ಟೆ ಸರಿಸಿದಾಗ ಬಾಯಿ ತೆರೆಯುವ ಸರದಿ ಬಡಗಿಯದಾಯಿತು.

ವಿಷಯ ತಿಳಿದು ವರ್ತಕ ಹೊಟ್ಟೆ ಹಿಡಿದುಕೊಂಡು ನಕ್ಕ. “ಹೋಗ್ಲಿ ಬಿಡಿ ಆಚಾರ್ರೇ. ಗಿಣಿಯಾದ್ರೇನು, ಗಿನಿಯಾದ್ರೇನು! ಇಂಥ ಮನೆ ಅರಮನೇಲೂ ಇರಲಿಕ್ಕಿಲ್ಲ. ಇದೇ ಇರ್ಲಿ” ಎಂದ. ಬಡಗಿಗೆ ಹೋದ ಜೀವ ಬಂದಂತಾಯಿತು.

ಎರಡು ಪ್ರಾಣಿಗಳನ್ನೂ ಒಳಗೆ ಬಿಟ್ಟರು. ಅವು ತಲೆಯೆತ್ತಿ ಮೇಲೆ ನೋಡಲೇ ಇಲ್ಲ. ಒಂದಕ್ಕೊಂದು ಅಂಟಿಕೊಂಡು ಒಂದು ಮೂಲೆಯಲ್ಲಿ ನಡುಗುತ್ತ ನಿಂತವು. ಒಂದರ ಕಾಲು ತಂತಿಯ ಸಂದಿಗೆ ಜಾರಿ ಕೆಳಗೆ ತೂಗಿತು. ಬಂದವರೆಲ್ಲ ಗುಮ್ಮಟವನ್ನು ನೋಡುತ್ತಿದ್ದರು. ಹುಡುಗಿ ನೆಲಕ್ಕೆ ಕೂತು, ಪಂಜರದ ಅಡಿಗೆ ಕೈ ತೂರಿಸಿ, ಆ ಪುಟ್ಟ ಪಾದದ ಕೆಳಗೆ ತನ್ನ ಅಂಗೈ ಹಿಡಿದಳು.

ಬಡಗಿ ಅದನ್ನು ನೋಡಿದ. ತನ್ನ ಹಲಗೆ ಮಾಡಬೇಕಿದ್ದ ಕೆಲಸವನ್ನು ಆ ಹುಡುಗಿಯ ಅಂಗೈ ಮಾಡುತ್ತಿದೆ ಎಂದು ಅವನಿಗೆ ಹೊಳೆಯಿತು. ನಾಚಿಕೆಯಿಂದ ತಲೆ ತಗ್ಗಿತು.

ಇಲ್ಲಿಯವರೆಗೆ ಅವನು ಒಳ್ಳೆಯ ಬಡಗಿ, ಗುರುಪಾದ. ಇಲ್ಲಿಂದ ಮುಂದೆ ನಾನು ಅವನಿಗೆ ಕೈ ಮುಗಿಯುತ್ತೇನೆ. ಎಲ್ಲರೂ ಹೊಗಳುತ್ತಿದ್ದರು. ಯಾರೂ ಅವನಲ್ಲಿ ತಪ್ಪು ಹಿಡಿದಿರಲಿಲ್ಲ. ಸುಮ್ಮನೆ ಮನೆಗೆ ಹೋಗಬಹುದಿತ್ತು.

“ಯಜಮಾನರೇ, ಇದನ್ನ ವಾಪಸ್ ತಗೊಂಡು ಹೋಗ್ತೀನಿ” ಎಂದ ಅವನು. “ಇದು ಅವುಗಳ ಮನೆ ಅಲ್ಲ, ನನ್ನ ಜಂಬದ ಮನೆ.”

ಮರುದಿನ ಉಳಿಯಿಲ್ಲದೆ, ಅಳತೆಕೋಲಿಲ್ಲದೆ, ಬರಿಗೈಯಲ್ಲಿ ಬಂದ. ಪ್ರಾಣಿಗಳನ್ನು ಹಜಾರದಲ್ಲಿ ಬಿಡಿಸಿ, ತಾನೂ ನೆಲದ ಮೇಲೆ ಬೋರಲು ಮಲಗಿದ. ಮೂರು ದಿನ ಹೀಗೇ ಮಲಗಿದ. ವರ್ತಕನ ಮನೆಗೆ ಬಂದವರೆಲ್ಲ ಊರಿನ ಹೆಸರಾಂತ ಬಡಗಿಯನ್ನು ದಾಟಿಕೊಂಡು ಓಡಾಡಬೇಕಾಯಿತು. “ಆಚಾರ್ರಿಗೆ ಗರ ಬಡೀತಾ?” ಎಂದು ನಿಂಗಣ್ಣ ಮೆಲ್ಲಗೆ ಕೇಳಿದ. ಬಡಗಿಗೆ ಅದು ಕೇಳಿಸಿತು, ಏಳಲಿಲ್ಲ.

ನೆಲದಿಂದ ಗೇಣೆತ್ತರದಲ್ಲಿ ಲೋಕ ಬೇರೆಯೇ ಇತ್ತು. ಒಗ್ಗರಣೆಯ ಘಾಟಿಗೆ ಅವು ಸೀನುತ್ತಿದ್ದವು. ಬೀದಿಬಾಗಿಲು ಬಡಿದರೆ ಬೆಚ್ಚಿ ಬೀಳುತ್ತಿದ್ದವು. ಕಿಟಕಿಯ ಬಿಸಿಲಿಗೆ ಸಿಕ್ಕರೆ ಏದುಸಿರು ಬಿಡುತ್ತಿದ್ದವು. ಹತ್ತುವುದು ಅವಕ್ಕೆ ಗೊತ್ತಿರಲಿಲ್ಲ, ಓಡುವುದು ಗೊತ್ತಿತ್ತು. ಒಂದನ್ನು ಬಿಟ್ಟು ಒಂದು ಇರುತ್ತಿರಲಿಲ್ಲ. ಆದರೂ ಅಡಗಲು ಒಂದೇ ಮರೆ ಇದ್ದರೆ ದೊಡ್ಡದು ಒಳಗೆ ಕೂತು ಚಿಕ್ಕದನ್ನು ಹೊರಗೆ ದೂಡುತ್ತಿತ್ತು. ಪಕ್ಕದಲ್ಲೇ ಬೋರಲು ಮಲಗಿದ್ದ ಹುಡುಗಿಗೆ ಬಡಗಿ ಇದನ್ನೆಲ್ಲ ಬೆರಗಿನಿಂದ ಹೇಳಿದ.

“ನಂಗೆ ಗೊತ್ತಿತ್ತು” ಎಂದಳು ಅವಳು.

“ಮತ್ತೆ ಯಾಕೆ ಹೇಳ್ಲಿಲ್ಲ ತಾಯಿ?”

“ಯಾರೂ ಕೇಳ್ಲಿಲ್ಲ.”

ನಾಲ್ಕನೆಯ ದಿನ ಬಡಗಿ ಪಂಜರ ಬಿಚ್ಚಲು ಕೂತ. ಊರವರು ಅಯ್ಯೋ ಎಂದರು. ಇದನ್ನು ಹೀಗೇ ಇಟ್ಟು ಬೇರೆ ಮರದಲ್ಲಿ ಮಾಡಬಾರದೇ ಎಂದರು. “ಇದು ಕಣ್ಣೆದುರಿಗೆ ಇರೋವರೆಗೂ ನನ್ನ ಕೈ ಇದನ್ನೇ ಮಾಡುತ್ತೆ” ಎಂದ ಅವನು. ಗುಮ್ಮಟಕ್ಕೆ ಗರಗಸ ಇಟ್ಟಾಗ ಅವನ ಕಣ್ಣಲ್ಲೂ ನೀರು ಬಂತು. ಆದರೂ ಕೊಯ್ದ.

ಎತ್ತರಕ್ಕೆ ನಿಲ್ಲಿಸಿದ್ದನ್ನೆಲ್ಲ ಉದ್ದಕ್ಕೆ ಮಲಗಿಸಿದ. ಮಂಚದಷ್ಟು ಉದ್ದ, ಮೊಣಕಾಲೆತ್ತರದ ಗೋಡೆ, ತಂತಿಯಿಲ್ಲದ ಸಮನಾದ ನೆಲ, ಅದರ ಮೇಲೆ ಮೆತ್ತನೆಯ ಬಟ್ಟೆ, ಒಣಹುಲ್ಲು. ಎರಡು ಹೋಳಾದ ಗುಮ್ಮಟ ಒಳಗೆ ಎರಡು ಪುಟ್ಟ ಗೂಡಾಯಿತು. ಒಂದೊಂದಕ್ಕೂ ಎರಡೆರಡು ಬಾಗಿಲು. ಒಂದು ನುಗ್ಗಿ ಬಂದರೆ ಇನ್ನೊಂದು ಆಚೆಯಿಂದ ಹೊರಡಲಿ ಎಂದು. ಅದನ್ನು ಹಜಾರದ ಒಳಮೂಲೆಯಲ್ಲಿ, ಒಲೆಗೂ ಕಿಟಕಿಗೂ ಬೀದಿಬಾಗಿಲಿಗೂ ದೂರವಾಗಿ, ಹುಡುಗಿ ಕೂತು ಓದುವ ಜಾಗಕ್ಕೆ ಮಾತ್ರ ಹತ್ತಿರವಾಗಿ ಇಟ್ಟ.

ಪ್ರಾಣಿಗಳನ್ನು ಬಿಟ್ಟರು. ಒಂದೊಂದು ಗೂಡಿಗೆ ಒಂದೊಂದು ನುಗ್ಗಿ ಅಡಗಿದವು. ಹುಡುಗಿ ಕಾದಳು, ಬಡಗಿಯೂ ಕಾದ. ಯಾವ ದೊಡ್ಡಮನುಷ್ಯನ ಮೆಚ್ಚುಗೆಗೂ ಅವನು ಹಾಗೆ ಉಸಿರು ಬಿಗಿಹಿಡಿದು ಕಾದವನಲ್ಲ. ಕೊನೆಗೆ ಚಿಕ್ಕದರ ಮೂಗು ಹೊರಬಂತು, ಹಿಂದೆಯೇ ದೊಡ್ಡದು ಬಂತು. ಈ ತುದಿಯಿಂದ ಆ ತುದಿಗೆ ಓಡಿದವು. ಓಡುತ್ತ ಓಡುತ್ತ, ಕಾದ ಬಾಣಲೆಯಲ್ಲಿ ಅರಳು ಸಿಡಿದಂತೆ, ಇದ್ದಲ್ಲೇ ಚಂಗನೆ ನೆಗೆದವು. ಹುಡುಗಿ ಗಟ್ಟಿಯಾಗಿ ನಕ್ಕಳು. ಅಂದಿನಿಂದ ಆ ಜೋಡಿ ಅವಳ ಕಣ್ಣೆದುರಿಗೇ ಬಹಳ ಕಾಲ ಬಾಳಿತು.

ಆ ಸಂಜೆ ಬಂದ ನೆಂಟನೊಬ್ಬ ಅದನ್ನು ನೋಡಿ, “ಇದೇನು, ದನಕ್ಕೆ ನೀರು ಕುಡಿಸೋ ಬಾನಿನಾ?” ಎಂದ. ವರ್ತಕನಿಗೆ ಪೆಚ್ಚೆನಿಸಿತು. ಇದು ಹೆಸರಾಂತ ಬಡಗಿಯ ಕೆಲಸವೆಂದು ತೋರಿಸಲು ಸುತ್ತಲೂ ಮೊಗ್ಗನ್ನು ಹುಡುಕಿದ. ಎಲ್ಲೂ ಕಾಣಲಿಲ್ಲ.

“ಆಚಾರ್ರೇ, ನಿಮ್ಮ ಗುರುತು ಹಾಕೋದು ಮರೆತ್ರಾ?”

“ಹಾಕಿದೀನಿ ಯಜಮಾನರೇ” ಎಂದ ಬಡಗಿ. “ಮಲಗಿ ನೋಡಿದ್ರೆ ಕಾಣ್ಸುತ್ತೆ.”

ಗೋಡೆಯ ಒಳಮೈಯಲ್ಲಿ, ಆ ಪ್ರಾಣಿಗಳ ಕಣ್ಣಿನ ಮಟ್ಟಕ್ಕೆ, ಅಕ್ಕಿಕಾಳಿನಷ್ಟು ಮೊಗ್ಗು ಇತ್ತು.

ಕತೆ ಮುಗಿಸಿ ಗುರುಗಳು ಮತ್ತೆ ಹತ್ತಿ ಕೈಗೆತ್ತಿಕೊಂಡರು. ಗುರುಪಾದನಿಗೆ ಬಡಗಿ ತುಂಬ ಹಿಡಿಸಿದ್ದ. “ದೊಡ್ಡ ಮನುಷ್ಯ ಬುದ್ಧಿ, ಅವನು. ಆದರೆ ಅವನ ಕಿವಿ ತಪ್ಪು ಮಾಡಿತ್ತು. ಅಕ್ಕತಂಗಿಯರು ಹೇಳಿದ್ದನ್ನು ನಾನು ಸರಿಯಾಗಿಯೇ ಕೇಳಿಸಿಕೊಂಡಿದ್ದೆನಲ್ಲ?” ಎಂದ.

“ಅವರು ಮೂಲೆ ಎಂದರು, ನಿನಗೆ ಗಿಣಿ ಎಂದು ಕೇಳಿಸಿತು” ಎಂದರು ಗುರುಗಳು.

ಗುರುಪಾದ ಎದ್ದು, ಅವರಿಗೆ ಎಂಥ ಮೂಲೆ ಬೇಕೆಂದು ಕೇಳಲು ಮಹಡಿ ಹತ್ತಿದ.