ಬೀಗ ಹಾಕಿಕೊಂಡ ಟ್ರಂಕಮ್ಮ

"ಈ ಮಾತು ನಿನ್ನ ಹೊಟ್ಟೆಯಲ್ಲೇ ಇರಲಿ, ನನ್ನಾಣೆ!" ಅಂಗನವಾಡಿಯ ಮುದಿ ಪೊರಕೆ ದನಿ ತಗ್ಗಿಸಿ ಬಿಂದಿಗೆಯ ಕಿವಿಗೆ ಊದಿತು. "ಮೂಲೆಯ ಆ ಟ್ರಂಕಮ್ಮನ ಒಡಲ ತುಂಬ ಆಟಿಕೆ ಕಣೇ! ತಪಾಸಣೆಗೆ ಸಾಹೇಬರು ಬಂದಾಗ ಹೊಸದಾಗಿ ಕಾಣಲಿ ಅಂತ ಮೂರು ವರ್ಷದಿಂದ ಬೀಗ. ನಾಲ್ಕು ವರ್ಷದ ರೇಣು ದಿನಾ ತಟ್ಟಿ, 'ಒಳಗೆ ಯಾರು?' ಅಂತಿದ್ದಳು. ಒಳಗಿಂದ ಮರದ ಕುದುರೆ, 'ಹೊರಗೆ ಯಾರು?' ಅಂತಿತ್ತು. ಇಬ್ಬರಿಗೂ ಈ ಟ್ರಂಕಮ್ಮನದು ಒಂದೇ ಮಾತು, 'ಕೈಕಟ್ಟಿ ಕೂತ್ಕೊಳ್ಳಿ!' ಕುದುರೆಗೆ ಕೈ ಎಲ್ಲಿದೆ ಹೇಳು? ಇವತ್ತು ನೋಡು, ಆ ಕೂಸು ತಟ್ಟಲೇ ಇಲ್ಲ. ನಿಜವಾಗಿ ಕೈಕಟ್ಟಿ ಕೂತುಬಿಟ್ಟಿದೆ."

ಟ್ರಂಕು ಎಲ್ಲವನ್ನೂ ಕೇಳಿಸಿಕೊಂಡಿತ್ತು. ಪೊರಕೆಯ ಮುಖಕ್ಕೇ ಹೇಳಿತು:

"ಪೊರಕಕ್ಕಾ, ರೇಣು ತಟ್ಟದೆ ನನಗೂ ಬೇಜಾರಾಗಿದೆ. ನನ್ನ ಬೀಗದ ಕೀಲಿಕೈ ಗೋಡೆಯ ಕ್ಯಾಲೆಂಡರಿನ ಹಿಂದಿದೆ. ಯಾರಿಗೂ ಹೇಳಬೇಡ ಅಂತ, ಬಾಯಲ್ಲಿ ಗುಟ್ಟು ನಿಲ್ಲದ ನಿನಗೇ ಹೇಳ್ತಿದ್ದೀನಿ, ಊಟದ ಹೊತ್ತಿಗೆ ರೇಣುಗೆ ಗೊತ್ತಾಗಲಿ ಅಂತ."