ಮುಂದಿನವನ ಹಿಂದೆ ಹೋದ ಪುಟ್ಟಮಾದ

ಕೇಳುವುದಾದರೆ ಹತ್ತಿರ ಬಂದು ಕೂತುಕೊಳ್ಳಿ, ನಡುವೆ ಎದ್ದು ಹೋಗುವವರು ಈಗಲೇ ಹೋಗಿಬಿಡಿ. ಈ ಕತೆ ಹೇಳುವಾಗ ನನಗೆ ಪ್ರತಿ ಸಲವೂ ಮೈ ಉರಿಯುತ್ತದೆ. ಯಾರ ಮೇಲೆ ಅನ್ನುವುದನ್ನು ಕೊನೆಯಲ್ಲಿ ನೀವೇ ಹೇಳಿ.

ಮೈಸೂರಿನಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬ ತಾಯಿ. ಅವಳಿಗೆ ಪುಟ್ಟಮಾದ ಅಂತ ಒಬ್ಬನೇ ಮಗ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ ಮಾತು ಕೇಳುವುದಿಲ್ಲ ಎಂದಲ್ಲ. ಹೇಳಿದ್ದನ್ನೇ ಮಾಡುತ್ತಿದ್ದ, ಅದೇ ತೊಂದರೆ. ಒಲೆ ಮೇಲಿನ ಹಾಲು ನೋಡ್ಕಳ್ಲಾ ಅಂದರೆ ಅದು ಉಕ್ಕಿ ಒಲೆ ಆರುವವರೆಗೂ ನೋಡುತ್ತಿದ್ದ. ಯಾಕ್ಲಾ ಇಳಿಸಲಿಲ್ಲ ಅಂದರೆ, ನೋಡು ಅಂದೆಯಲ್ಲವ್ವ, ನೋಡ್ದೆ ಅನ್ನುತ್ತಿದ್ದ.

ಅವನ ಅಪ್ಪ ರಾಚಯ್ಯ ಹಾಗಲ್ಲ. ಮೋಟಾರ್ ಸೈಕಲ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು, ಒಂದು ಹಳೇ ಜಾವಾ ಗಾಡಿಯನ್ನು ಮಗನಿಗಿಂತ ಹೆಚ್ಚು ಮುದ್ದಿನಿಂದ ಸಾಕಿದವನು. ಹಳೇ ಗಾಡಿಗಳನ್ನು ಇಟ್ಟುಕೊಂಡವರದೇ ಒಂದು ಕ್ಲಬ್ಬಿತ್ತು. ಅವರು ಭಾನುವಾರ ಬೆಳಿಗ್ಗೆ ಸಾಲಾಗಿ ಸವಾರಿ ಹೊರಡುವರು. ಸಾಲಿನ ತಲೆಗೆ ಅಧ್ಯಕ್ಷರಾದ ನಾಗಭೂಷಣ ರಾಯರು, ಅವರ ಬೆನ್ನಿಗೇ ರಾಚಯ್ಯ. ಒಬ್ಬರು ಇನ್ನೊಬ್ಬರನ್ನು ಹಿಂದೆ ಹಾಕುವ ಹಾಗಿಲ್ಲ. ಮುಂದಿನವನು ಕೈ ಎತ್ತಿದರೆ ಹಿಂದಿನವನು ಎತ್ತಬೇಕು, ಅವನನ್ನು ನೋಡಿ ಅವನ ಹಿಂದಿನವನು. ಹಾಗೆ ಸಾಲಿನ ಬಾಲದವರೆಗೂ ಸುದ್ದಿ ಮುಟ್ಟಬೇಕು.

ರಾಚಯ್ಯ ತೀರಿಕೊಂಡ. ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ಸತ್ತವರ ಜಾಗವನ್ನು ಒಂದು ವರ್ಷ ಖಾಲಿ ಇಡುತ್ತಾರೆ. ಅಷ್ಟರಲ್ಲಿ ಬರುವ ವಾರ್ಷಿಕ ಸವಾರಿಯಲ್ಲಿ ಮನೆಯವರು ಯಾರಾದರೂ ಅದೇ ಗಾಡಿಯನ್ನು ಅದೇ ಜಾಗದಲ್ಲಿ ಓಡಿಸಿದರೆ ಜಾಗ ಆ ಮನೆಯದೇ. ಇಲ್ಲದಿದ್ದರೆ ಬೇರೆಯವರ ಪಾಲು. ಅಧ್ಯಕ್ಷರ ಬೆನ್ನಿನ ಜಾಗದ ಮೇಲೆ ಕಾರ್ಯದರ್ಶಿ ತ್ರಿಮೂರ್ತಿಗೆ ಬಹಳ ದಿನದಿಂದ ಕಣ್ಣು. ರಾಚಯ್ಯನ ತಿಥಿ ಊಟಕ್ಕೆ ಬಂದವನು ಎಲೆ ಮಡಿಸುವ ಮೊದಲೇ ಕೇಳಿದನಂತೆ, "ಗಾಡಿ ಓಡಿಸೋರು ಯಾರೂ ಇಲ್ಲವಲ್ಲಮ್ಮ ನಿಮ್ಮಲ್ಲಿ?"

ಗಂಡನನ್ನಂತೂ ಉಳಿಸಿಕೊಳ್ಳಲು ಆಗಲಿಲ್ಲ, ಅವನ ಜಾಗವನ್ನಾದರೂ ಉಳಿಸಿಕೊಳ್ಳಬೇಕು ಎಂದು ಚಿಕ್ಕತಾಯಮ್ಮನಿಗೆ ಹಟ ಹುಟ್ಟಿತು. ಪುಟ್ಟಮಾದನಿಗೆ ಗಾಡಿ ಓಡಿಸಲು ಅಪ್ಪನೇ ಕಲಿಸಿದ್ದ. ಆ ಒಂದು ವಿದ್ಯೆ ಮಾತ್ರ ಅವನಿಗೆ ಚೆನ್ನಾಗಿ ಹತ್ತಿತ್ತು.

"ಲೋ ಮಗ, ಅಪ್ಪನ ಗಾಡಿ ತಗೊಂಡು ಕ್ಲಬ್ಬಿಗೆ ಹೋಗು. ಏನೂ ಬಿಚ್ಚಕ್ಕೆ ಹೋಗ್ಬ್ಯಾಡ, ಏನೂ ತೆಗೆಯಕ್ಕೆ ಹೋಗ್ಬ್ಯಾಡ. ಹೆಂಗದೋ ಹಂಗೇ ತಗೊಂಡೋಗು."

"ಆಯ್ತು ಕಣವ್ವ."

ಕೊಟ್ಟಿಗೆಯಲ್ಲಿ ನಿಂತಿದ್ದ ಗಾಡಿಯ ಸೀಟಿನ ಮೇಲೆ ಕೋಳಿಯೊಂದು ಮೊಟ್ಟೆಗೆ ಕಾವು ಕೂತಿತ್ತು. ಏನೂ ತೆಗೆಯಬೇಡ ಅಂದಿದ್ದಾಳಲ್ಲ ಅವ್ವ. ಪುಟ್ಟಮಾದ ಗಾಡಿಯನ್ನು ಕೋಳಿಯ ಸಮೇತ ತಳ್ಳಿಕೊಂಡು ಹೊರಟ. ಜೇಡರ ಬಲೆ, ಕೋಳಿ ಹಿಕ್ಕೆ, ಒಣಹುಲ್ಲು ಎಲ್ಲವೂ ಹೇಗಿತ್ತೋ ಹಾಗೇ ಕ್ಲಬ್ಬಿಗೆ ಬಂತು. ಸದಸ್ಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾರ್ಯದರ್ಶಿ ಹತ್ತಿರ ಬಂದು ನೋಡಲು ಹೋಗಿ ಮೂಗಿಗೆ ಕುಕ್ಕಿಸಿಕೊಂಡ.

ಮನೆಗೆ ಬಂದ ಮೇಲೆ ಚಿಕ್ಕತಾಯಮ್ಮ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದ, ಗಾಡಿ ಕೊಳಕಾಗಿದ್ರೆ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಬೇಕು ಕಣ್ಲಾ. ಮುಖ ಕಾಣೋ ಹಂಗೆ ಉಜ್ಜಬೇಕು."

"ಅಷ್ಟೇ ತಾನೇ? ಮುಂದಿನ ಸಲ ಹಂಗೇ ಮಾಡ್ತೀನಿ ಕಣವ್ವ."

ಮುಂದಿನ ಸಲ ಕಾಲೇಜು ಮೈದಾನದಲ್ಲಿ ಹಳೇ ಗಾಡಿಗಳ ಪ್ರದರ್ಶನ. ಪುಟ್ಟಮಾದ ಹೊತ್ತಿಗೆ ಮುಂಚೆಯೇ ಹೋದ. ಅವನ ಗಾಡಿಯನ್ನು ಹಿಂದಿನ ದಿನವೇ ಅವ್ವ ತೊಳೆದು ಕೊಟ್ಟಿದ್ದಳು, ಅದು ಹೊಳೆಯುತ್ತಿತ್ತು. ಪಕ್ಕದಲ್ಲಿ ಅಧ್ಯಕ್ಷ ರಾಯರ ಗಾಡಿ ನಿಂತಿತ್ತು. ಅದು ಅವರ ಮಾವನ ಕಾಲದ್ದು. ಬಣ್ಣ ಮಾಸಿ, ಚಿನ್ನದ ನೀರಿನ ಅಕ್ಷರ ಅರ್ಧಂಬರ್ಧ ಅಳಿಸಿ, ಟ್ಯಾಂಕು ಹಳೇ ತಪ್ಪಲೆಯಂತೆ ಕಾಣುತ್ತಿತ್ತು. ಆ ಮಾಸಿದ ಬಣ್ಣಕ್ಕೇ ಬಹುಮಾನ, ಅದು ಕಂಪನಿಯಿಂದ ಬಂದ ಮೂಲ ಬಣ್ಣ ಅಂತ. ಇದು ನನಗೂ ಆಮೇಲೆ ತಿಳಿದದ್ದು, ಪುಟ್ಟಮಾದನಿಗೆ ಎಲ್ಲಿ ತಿಳಿಯಬೇಕು? ಕೊಳಕು ಗಾಡಿ ಕಂಡ, ಜೇಬಿನಲ್ಲಿ ಹುಣಸೆಹಣ್ಣಿತ್ತು, ಪೊಟ್ಟಣದಲ್ಲಿ ಬೂದಿಯಿತ್ತು. ತಿಕ್ಕಿದ. ತೆಂಗಿನ ನಾರು ಹಾಕಿ ಇನ್ನೂ ತಿಕ್ಕಿದ.

ರಾಯರು ತಿಂಡಿ ಮುಗಿಸಿ ಬರುವ ಹೊತ್ತಿಗೆ ಬಣ್ಣವಿಲ್ಲ, ಅಕ್ಷರವಿಲ್ಲ, ಬರೀ ತಗಡು.

"ಮುಖ ಕಾಣ್ತದೆ ನೋಡ್ಕಳಿ ಬುದ್ಧಿ," ಅಂದ ಪುಟ್ಟಮಾದ.

ರಾಯರು ನೋಡಿಕೊಂಡರು. ತಮ್ಮ ಮುಖ ಅಷ್ಟು ಬಿಳುಚಿಕೊಂಡದ್ದನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ಕಾರ್ಯದರ್ಶಿಗೆ ಒಳಗೊಳಗೇ ಹಬ್ಬ, ಬಾಯಲ್ಲಿ ಮಾತ್ರ ಬೈಗುಳ. "ಎಲಾ ದಡ್ಡ ಶಿಖಾಮಣಿ, ಹಳೇದು ಹೇಗಿದೆಯೋ ಹಾಗೇ ಇರಬೇಕು. ಹಳೇದನ್ನ ಕಂಡರೆ ಕೈ ಹಚ್ಚಬಾರದು. ಕೈಕಟ್ಟಿ ದೂರ ನಿಂತು, ಆಹಾ ಚೆನ್ನಾಗಿದೆ ಅನ್ನಬೇಕು, ತಿಳೀತಾ?"

"ತಿಳೀತು ಬುದ್ಧಿ. ಮುಂದಿನ ಸಲ ಹಂಗೇ ಮಾಡ್ತೀನಿ."

ಮುಂದಿನ ಸಲ ಶ್ರೀರಂಗಪಟ್ಟಣದ ಕಡೆಗೆ ಸವಾರಿ. ಕ್ಲಬ್ಬಿನಲ್ಲಿ ಎಲ್ಲರಿಗಿಂತ ಹಿರಿಯರು ಸಂಜೀವ ಶೆಟ್ಟರು. ಅವರಿಗೂ ವಯಸ್ಸಾಗಿತ್ತು, ಅವರ ಗಾಡಿಗೂ ವಯಸ್ಸಾಗಿತ್ತು. ಟೀ ಕುಡಿದು ಹೊರಡುವಾಗ ಇಬ್ಬರೂ ಜಾರಿ ಕಬ್ಬಿನ ಗದ್ದೆಯ ಕಾಲುವೆಗೆ ಉರುಳಿದರು. ಹತ್ತಿರ ಇದ್ದವನು ಪುಟ್ಟಮಾದ ಒಬ್ಬನೇ. ಗಾಡಿ ಇಳಿದ, ಕೈಕಟ್ಟಿಕೊಂಡ, ದೂರ ನಿಂತ.

"ಎತ್ತಯ್ಯ ನನ್ನ," ಅಂದರು ಶೆಟ್ಟರು ಕೆಸರಿನಿಂದ.

"ಆಹಾ, ಚೆನ್ನಾಗಿದೆ," ಅಂದ ಪುಟ್ಟಮಾದ.

"ಏನು ಚೆನ್ನಾಗಿದೆಯೋ? ಕೈ ಕೊಡೋ."

"ಹಳೇದನ್ನ ಮುಟ್ಟಂಗಿಲ್ಲ ಬುದ್ಧಿ. ನೀವು ಹೆಂಗಿದೀರೋ ಹಂಗೇ ಇರ್ಬೇಕು."

ಉಳಿದವರು ತಿರುಗಿ ಬಂದು ಎತ್ತುವವರೆಗೂ ಶೆಟ್ಟರು ಹೇಗಿದ್ದರೋ ಹಾಗೇ ಇದ್ದರು. ಸುದ್ದಿ ಚಿಕ್ಕತಾಯಮ್ಮನಿಗೆ ಮುಟ್ಟಿದಾಗ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಶೆಟ್ಟರ ಮನೆಗೆ ಓಡಿದಳು, ಕ್ಷಮಿಸಿ ಅಂದಳು, ತಿರುಗಿ ಬಂದು ಮಗನ ಮುಂದೆ ಕೂತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಬೈದಳು. "ಮನುಷ್ಯರು ನೆಲದ ಮ್ಯಾಲೆ ಬಿದ್ಕಂಡಿದ್ರೆ ಮೊದಲು ಮುಖಕ್ಕೆ ನೀರು ಎರಚಬೇಕು ಕಣ್ಲಾ. ಹೆಗಲ ಮ್ಯಾಲೆ ಎತ್ತಾಕ್ಕಂಡು ಆಸ್ಪತ್ರೆಗೆ ಓಡಬೇಕು. ಅವರು ಬ್ಯಾಡ ಬ್ಯಾಡ ಅಂದ್ರೂ ಬಿಡಬಾರ್ದು."

"ಮುಂದಿನ ಸಲ ಹಂಗೇ ಮಾಡ್ತೀನಿ ಕಣವ್ವ, ಅಳಬ್ಯಾಡ."

ಮುಂದಿನ ಸಲ ಕ್ಲಬ್ಬಿನವರದೇ ರಕ್ತದಾನ ಶಿಬಿರ. ಕಲ್ಯಾಣ ಮಂಟಪದ ಒಳಗೆ ಮಂಚದ ಸಾಲು, ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ ದಾನಿಗಳು. ಮೊದಲನೇ ಮಂಚದಲ್ಲಿ ಮುಖ್ಯ ಅತಿಥಿಯಾಗಿ ಬಂದಿದ್ದ ಒಬ್ಬ ಗುತ್ತಿಗೆದಾರರು. ಫೋಟೋ ತೆಗೆದಾಗಿತ್ತು, ಸೂಜಿ ಚುಚ್ಚುವುದೊಂದು ಬಾಕಿ. ಪುಟ್ಟಮಾದ ಬಾಗಿಲಿಗೆ ಬಂದ. ನೋಡಿದ. ಎಷ್ಟೊಂದು ಜನ ಬಿದ್ದುಕೊಂಡಿದ್ದಾರಲ್ಲ ಅಂತ ಅವನ ಕರುಳು ಚುರಕ್ಕೆಂದಿತು.

ಒಂದು ಬಕೆಟ್ ನೀರು ತಂದು ಸಾಲಾಗಿ ಎಲ್ಲರ ಮುಖಕ್ಕೂ ಎರಚಿದ. ಮುಖ್ಯ ಅತಿಥಿಗಳನ್ನು ಹೆಗಲಿಗೆ ಹಾಕಿಕೊಂಡ.

"ಬಿಡೋ, ಬೇಡ ಕಣೋ, ಬೇಡ."

"ಬ್ಯಾಡ ಅಂದ್ರೂ ಬಿಡಂಗಿಲ್ಲ ಬುದ್ಧಿ."

ದಾದಿಯರು ಹಿಂದೆ ಓಡಿದರು, ಕಾರ್ಯದರ್ಶಿ ಹಿಂದೆ ಓಡಿದ. ಪುಟ್ಟಮಾದ ಅತಿಥಿಗಳನ್ನು ಜಾವಾದ ಮೇಲೆ ಕೂರಿಸಿಕೊಂಡು ನೇರ ದೊಡ್ಡಾಸ್ಪತ್ರೆಗೆ ತಂದು ನಿಲ್ಲಿಸಿದ. ಕಾಯಿಲೆ ಏನು ಅಂತ ಡಾಕ್ಟರು ಕೇಳಿದರೆ ಇಬ್ಬರಿಗೂ ಗೊತ್ತಿಲ್ಲ.

ಅವತ್ತು ಸಂಜೆ ಕಾರ್ಯದರ್ಶಿ ಚಿಕ್ಕತಾಯಮ್ಮನ ಬಾಗಿಲಿಗೇ ಬಂದ. "ನೋಡಮ್ಮ, ಮುಂದಿನ ಭಾನುವಾರ ವಾರ್ಷಿಕ ಸವಾರಿ. ಅರಮನೆ ಕಡೆಯಿಂದ ಹೊರಟು ಕಾಲೇಜು ಮೈದಾನ ಸೇರೋದು. ಪದ್ಧತಿ ಅಂತ ಇವನನ್ನ ಸೇರಿಸ್ಕೋತೀವಿ. ಅವತ್ತು ಇವನು ಅಡ್ಡದಾರಿ ಹಿಡಿದರೆ ಜಾಗ ಹೋಯಿತು ಅಂತಲೇ ತಿಳ್ಕೊಳ್ಳಿ." ಆಮೇಲೆ ಪುಟ್ಟಮಾದನ ಕಡೆ ತಿರುಗಿದ. "ಲೇ, ನಿನ್ನ ತಲೆ ಓಡಿಸಬೇಡ. ಮುಂದೆ ಇರೋನು ಏನು ಮಾಡ್ತಾನೋ ಅದನ್ನೇ ಮಾಡು. ಅವನು ತಿರುಗಿದರೆ ತಿರುಗು, ನಿಂತರೆ ನಿಲ್ಲು, ಕೈ ಎತ್ತಿದರೆ ಎತ್ತು. ಅಷ್ಟೇ."

"ಅಷ್ಟೇ ತಾನೇ ಬುದ್ಧಿ?"

ಇಷ್ಟು ಬುದ್ಧಿ ಹೇಳಿದರಲ್ಲ ಎಲ್ಲರೂ, ಈ ಹುಡುಗನಿಗೆ ಯಾವುದನ್ನು ಎಲ್ಲಿ ಮಾಡಬೇಕು ಅಂತ ಒಬ್ಬರಾದರೂ ಪಕ್ಕದಲ್ಲಿ ಕೂತು ಹೇಳಿದರೇ? ಇಲ್ಲ. ಬೈದರು, ಬಾಯಿಗೆ ಬಂದದ್ದು ಹೇಳಿದರು, ಹೋದರು. ಅಲ್ಲಿಂದಲೇ ನನಗೆ ಉರಿಯಲು ಶುರುವಾಗುವುದು.

ಭಾನುವಾರ ಬಂತು. ಚಿಕ್ಕತಾಯಮ್ಮ ಗಂಡನ ಫೋಟೋಗೆ ಹೂವಿಟ್ಟಳು, ಮಗನ ಹಣೆಗೆ ವಿಭೂತಿ ಇಟ್ಟಳು. "ಮುಂದಿನವರ ಹಿಂದೆ ಹೋಗಪ್ಪ," ಅಂದಳು. ಕಾಫಿ ಕುಡಿದು ತಾನೂ ಮೈದಾನಕ್ಕೆ ಹೋಗುವುದೆಂದು ಹಾಲಿಗೆ ಕಾಯುತ್ತಾ ಕೂತಳು.

ಸಾಲು ಹೊರಟಿತು. ಮುಂದೆ ರಾಯರು, ಅವರ ಬೆನ್ನಿಗೆ ಪುಟ್ಟಮಾದ, ಅವನ ಬೆನ್ನಿಗೆ ಕಾರ್ಯದರ್ಶಿ, ಆಮೇಲೆ ಇಡೀ ಕ್ಲಬ್ಬು. ಮೊದಲನೇ ವೃತ್ತ ದಾಟುವಾಗ ಅಡ್ಡರಸ್ತೆಯಿಂದ ಹಾಲಿನ ಜವರ ಬಂದ. ಅವನದೂ ಹಳೇ ಜಾವಾ, ಎರಡೂ ಕಡೆ ಹಾಲಿನ ಕ್ಯಾನು. ಬಂದವನು ಸೀದಾ ರಾಯರಿಗೂ ಪುಟ್ಟಮಾದನಿಗೂ ನಡುವೆ ನುಗ್ಗಿದ. ರಾಯರು ನೆಟ್ಟಗೆ ಹೋದರು. ಜವರ ಎಡಕ್ಕೆ ತಿರುಗಿದ.

ಈಗ ಮುಂದೆ ಇರುವವನು ಯಾರು? ಪುಟ್ಟಮಾದ ಎಡಕ್ಕೆ ತಿರುಗಿದ. ಕಾರ್ಯದರ್ಶಿ ತಿರುಗಿದ. ಇಡೀ ಕ್ಲಬ್ಬು ತಿರುಗಿತು.

ಜವರ ಪರಿಚಯದವನೊಬ್ಬನನ್ನು ಕಂಡು ಕೈ ಎತ್ತಿದ. ಪುಟ್ಟಮಾದ ಕೈ ಎತ್ತಿದ. ಹಿಂದೆ ಸಾಲಿಗೆ ಸಾಲೇ ಕೈ ಎತ್ತಿತು. ಜವರ ದಿನಾ ಹಾಲು ಹಾಕಿಸಿಕೊಳ್ಳುವ ಕೆಂಚಮ್ಮನ ಮನೆ ಮುಂದೆ ನಿಂತು ಪೋಂ ಪೋಂ ಅಂತ ಹಾರನ್ ಒತ್ತಿದ. ಪುಟ್ಟಮಾದ ಒತ್ತಿದ. ಬೀದಿ ಕಿವುಡಾಗುವ ಹಾಗೆ ಎಲ್ಲರೂ ಒತ್ತಿದರು. ಜವರ ಹಾಲು ಅಳೆದು ಹೊರಟ, ಮುಂದಿನ ಮನೆಗೆ ನಿಂತ, ಪೋಂ ಪೋಂ. ಇವರೂ ನಿಂತರು, ಪೋಂ ಪೋಂ. ಕಾರ್ಯದರ್ಶಿಗೆ ಅನುಮಾನ ಬರಲಿಲ್ಲವೇ? ಬಂತಂತೆ. ಆದರೆ ಸಾಲಿನಲ್ಲಿ ಮುಂದಿನವನನ್ನು ಹಿಂದೆ ಹಾಕುವ ಹಾಗಿಲ್ಲವಲ್ಲ, ಈ ವರ್ಷ ರಾಯರು ದಾರಿ ಬದಲಾಯಿಸಿರಬೇಕು ಅಂದುಕೊಂಡನಂತೆ.

ಜವರ ತಿರುಗಿ ನೋಡಿದ. ಹೆಲ್ಮೆಟ್ಟು, ಚರ್ಮದ ಕೋಟು, ಕಣ್ಣು ಹಾಯುವವರೆಗೂ ಗಾಡಿ. ಹಾಲು ತಪಾಸಣೆಯವರೇ ದಂಡೆತ್ತಿ ಬಂದರು ಅಂದುಕೊಂಡ. ಅವನು ಜೋರಾಗಿ ಓಡಿಸಿದ, ಇವರೂ ಜೋರಾಗಿ ಓಡಿಸಿದರು. ಕೊನೆಗೆ ಜವರ ಒಂದು ಓಣಿಗೆ ನುಗ್ಗಿ, ಗಾಡಿ ಬಿಟ್ಟು, ಪಾತ್ರೆ ಹಿಡಿದು ನಿಂತಿದ್ದ ಒಬ್ಬ ತಾಯಿಯ ಹಿಂದೆ ಅಡಗಿದ.

"ಕಾಪಾಡವ್ವ, ಒಂಚೂರು ನೀರು ಬೆರೆಸಿದ್ದು ದಿಟ."

ಆ ತಾಯಿ ಚಿಕ್ಕತಾಯಮ್ಮ. ನೋಡುತ್ತಾಳೆ, ಮುಂದೆ ಮಗ, ಹಿಂದೆ ಇಡೀ ಕ್ಲಬ್ಬು ಓಣಿ ತುಂಬ. ಹೋಯಿತು, ಗಂಡನ ಜಾಗ ಹೋಯಿತು ಅಂದುಕೊಂಡಳು.

ಕಾರ್ಯದರ್ಶಿ ಹೆಲ್ಮೆಟ್ಟು ಕಿತ್ತು ಕೂಗಾಡಿದ. "ನೋಡಿದ್ರಾ? ಅಲ್ಲಿ ರಾಯರು ಒಬ್ಬರೇ ಮೈದಾನದಲ್ಲಿ ಕಾಯ್ತಿರ್ತಾರೆ. ಅಡ್ಡದಾರಿ ಹಿಡಿದ ನಿಮ್ಮ ಮಗ. ಜಾಗ ಮುಗೀತು."

ಚಿಕ್ಕತಾಯಮ್ಮನಿಗೆ ವರ್ಷವಿಡೀ ನುಂಗಿಕೊಂಡ ಸಿಟ್ಟು ಆಗ ಬಾಯಿಗೆ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಮುಂದಿರೋನ ಹಿಂದೆ ಹೋಗು ಅಂತ ಇವನಿಗೆ ಹೇಳಿದ್ದು ಯಾರು?"

"ನಾನೇ."

"ನಿಮಗೆ ಹೇಳಿದ್ದು ಯಾರು?"

ಕಾರ್ಯದರ್ಶಿ ತಿರುಗಿ ತನ್ನ ಹಿಂದಿನ ಸಾಲನ್ನು ನೋಡಿದ.

"ನನ್ನ ಮಗ ದಡ್ಡ ಅನ್ನೋದು ಅವನು ಹುಟ್ಟಿದಾಗಿಂದ ಊರಿಗೆಲ್ಲ ಗೊತ್ತು. ನೀವೆಲ್ಲ ಯಾವಾಗಿಂದ? ಓದಿದೋರು, ಕೋಟು ಹಾಕ್ಕಂಡೋರು, ಹಾಲಿನ ಕ್ಯಾನು ಕಣ್ಣಿಗೆ ಬೀಳಲಿಲ್ವಾ? ಮನೆ ಮನೆ ಮುಂದೆ ನಿಂತು ಹಾರನ್ ಹೊಡೆದಿದ್ದು ಇಲ್ಲಿಗಂಟ ಕೇಳಿಸ್ತು, ನಾಚಿಕೆ ಆಗಲಿಲ್ವಾ? ಇವನು ಜಾಗ ಬಿಟ್ಟ ಅಂತೀರ. ಇವನ ಬೆನ್ನಿಗೆ ನೀವಿರಲಿಲ್ವಾ? ನಿಮ್ಮ ಬೆನ್ನಿಗೆ ಇವರೆಲ್ಲ ಇರಲಿಲ್ವಾ? ಹಂಗಾದ್ರೆ ಜಾಗ ಬಿಟ್ಟು ಹೋದೋರು ಯಾರು? ಮೈದಾನದಲ್ಲಿ ಒಬ್ಬರೇ ನಿಂತವ್ರೆ ನೋಡಿ, ಆ ರಾಯರು."

ಸಾಲಿನ ನಡುವಿನಿಂದ ಸಂಜೀವ ಶೆಟ್ಟರು ಕೆಮ್ಮಿ ಹೇಳಿದರು, "ಅಮ್ಮ ಹೇಳೋದು ಸರಿ. ಗಾಡಿ ಅದೇ, ಸಾಲು ಇದೇ, ಹುಡುಗ ಅವನ ಜಾಗ ಬಿಟ್ಟಿಲ್ಲ. ರಾಚಯ್ಯನ ಜಾಗ ಈ ಮನೇದೇ." ಎಲ್ಲರೂ ತಲೆಯಾಡಿಸಿದರು. ಒಪ್ಪದಿದ್ದರೆ ತಾವು ಯಾರ ಹಿಂದೆ ಬಂದೆವೆಂದು ಊರಿಗೆ ಹೇಳಬೇಕಾಗುತ್ತಿತ್ತು. ಕಾರ್ಯದರ್ಶಿಯೂ ಆಡಿಸಿದ.

ಚಿಕ್ಕತಾಯಮ್ಮನ ಕಣ್ಣು ತುಂಬಿತು. ಗಂಡ ಬದುಕಿದ್ದಾಗ ಈ ಸಾಲು ಒಂದು ದಿನವೂ ಅವಳ ಬಾಗಿಲಿಗೆ ಬಂದಿರಲಿಲ್ಲ. ಖುಷಿಯಲ್ಲಿ ಅವಳೂ ಎಚ್ಚರ ತಪ್ಪಿದಳು. ಮಗನ ಬೆನ್ನು ತಟ್ಟಿ ಅಂದಳು, "ಬಂದ ದಾರೀಲೇ ಎಲ್ಲರನ್ನೂ ಕರ್ಕಂಡೋಗಪ್ಪ. ಹೆಂಗೆ ಬಂದ್ಯೋ ಹಂಗೇ ಹೋಗು, ಒಂದೂ ತಪ್ಪಿಸಬ್ಯಾಡ."

"ಅಷ್ಟೇ ತಾನೇ ಅವ್ವ?"

ಗಾಡಿಗಳೆಲ್ಲ ತಿರುಗಿದವು, ಪುಟ್ಟಮಾದ ಮುಂದಾದ. ಓಣಿ ದಾಟಿದ, ಬೀದಿಗೆ ಬಂದ, ಹಾಲಿನ ಮನೆಗಳನ್ನು ಒಂದೂ ತಪ್ಪಿಸದೆ ನಿಂತ. ಕೆಂಚಮ್ಮನ ಮನೆ ಮುಂದೆಯೂ ನಿಂತ, ಪೋಂ ಪೋಂ ಅಂತ ಒತ್ತಿದ. ಕೆಂಚಮ್ಮ ಪಾತ್ರೆ ಹಿಡಿದು ಮತ್ತೆ ಹೊರಗೆ ಬಂದಳು, ಸಾಲನ್ನು ನೋಡಿದಳು, ಹಾಲೆಲ್ಲಿ ಅಂತ ಕೇಳಿದಳು. ಕಾರ್ಯದರ್ಶಿ ಹೆಲ್ಮೆಟ್ಟಿನ ಗಾಜನ್ನು ಮುಖದ ಮೇಲೆ ಇಳಿಸಿಕೊಂಡು, ತಾನೂ ಹಾರನ್ ಒತ್ತಿದ.